ಹಳೆಯ ತಂತಿಯ ಮಾತು, ಹೊಸ ದಾರಿಯ ನಡೆ

ದೂರದಲ್ಲಿರುವವರೊಡನೆ ಮಾತನಾಡಬೇಕೆಂಬ ಹಂಬಲ ಮನುಷ್ಯನಿಗೆ ಹೊಸತಲ್ಲ. ನಮ್ಮ ಕಾವ್ಯಗಳಲ್ಲಿ ಹಂಸೆ ದೂತನಾಯಿತು, ಮೋಡ ದೂತನಾಯಿತು, ಗಿಳಿಯೂ ದೂತನಾಯಿತು. ಆದರೆ ಆ ದೂತರೆಲ್ಲರೂ ಒಯ್ದುದು ಸಂದೇಶವನ್ನು ಮಾತ್ರ. ಮಾತಿಗೆ ಮರುಮಾತು ಅದೇ ಕ್ಷಣದಲ್ಲಿ ಕಿವಿಗೆ ಬೀಳುವ ಭಾಗ್ಯ ಕಾವ್ಯದ ನಾಯಕ ನಾಯಿಕೆಯರಿಗೆ ಇರಲಿಲ್ಲ. ಆ ಭಾಗ್ಯವನ್ನು ಮನುಷ್ಯನಿಗೆ ತಂದುಕೊಟ್ಟುದು ಟೆಲಿಫೋನು. ೧೮೭೬ರ ಮಾರ್ಚಿಯಲ್ಲಿ ಅಮೆರಿಕೆಯಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ಲರು ಅದರ ಪೇಟೆಂಟು ಪಡೆದರು. ಆರು ವರ್ಷ ತುಂಬುವುದರೊಳಗೆ, ೧೮೮೨ರ ಜನವರಿಯಲ್ಲಿ, ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ ದೂರವಾಣಿ ವಿನಿಮಯ ಕೇಂದ್ರಗಳು ತೆರೆದವು.

ಆ ದೂರವಾಣಿ ಇಂದು ತನ್ನ ಹಳೆಯ ದಾರಿಯನ್ನು ಬಿಟ್ಟು ಹೊಸ ದಾರಿಯನ್ನು ಹಿಡಿದಿದೆ. ತಂತಿಯ ಮೇಲೆ ಹರಿಯುತ್ತಿದ್ದ ಮಾತು ಈಗ ಗಣಕಯಂತ್ರಗಳ ಜಾಲದಲ್ಲಿ, ಈಥರ್‌ನೆಟ್ ಮತ್ತು ಐ.ಪಿ. ಎಂಬ ಹೆಸರಿನ ದಾರಿಗಳಲ್ಲಿ, ಸಣ್ಣ ಸಣ್ಣ ಪೊಟ್ಟಣಗಳಾಗಿ ಸಾಗುತ್ತಿದೆ. ಇದು ಇಂಜಿನಿಯರರಿಗೆ ಮಾತ್ರ ಸೇರಿದ ಸಂಗತಿಯೆಂದು ತಾವು ತಿಳಿಯಬಾರದು. ಹಾನಗಲ್ಲಿನ ಅಂಗಡಿಕಾರರಿಗೂ ಹಿರೇಕೆರೂರಿನ ದವಾಖಾನೆಗೂ ಇದರಲ್ಲಿ ಲಾಭವೂ ಉಂಟು, ನಷ್ಟವೂ ಉಂಟು. ಆದುದರಿಂದ ಈ ಬದಲಾವಣೆಯ ಇತಿಹಾಸವನ್ನು ನಮ್ಮ ನಾಡಿನ ಕಡೆಯಿಂದ ಒಮ್ಮೆ ನೋಡೋಣ.

ಮೊದಲು ಹಳೆಯ ದಾರಿ ಎಂತಹದೆಂಬುದನ್ನು ಅರಿಯಬೇಕು. ದೂರವಾಣಿಯ ಹಳೆಯ ಪದ್ಧತಿಗೆ ಸರ್ಕಿಟ್ ಪದ್ಧತಿ ಎಂದು ಹೆಸರು. ನಾವು ಅದನ್ನು ಮಂಡಲ ಎನ್ನಬಹುದು. ತಮ್ಮ ಮನೆಯಿಂದ ಹೊರಟ ಎರಡು ತಾಮ್ರದ ತಂತಿಗಳು ವಿನಿಮಯ ಕೇಂದ್ರಕ್ಕೆ ಹೋಗುತ್ತವೆ. ಗೆಳೆಯನ ಮನೆಯ ಎರಡು ತಂತಿಗಳೂ ಅಲ್ಲಿಗೇ ಬರುತ್ತವೆ. ಕೇಂದ್ರದಲ್ಲಿ ಇವೆರಡನ್ನೂ ಜೋಡಿಸಿದರೆ ಒಂದು ಮಂಡಲ ಪೂರ್ಣವಾಯಿತು. ಮಾತು ಮುಗಿಯುವವರೆಗೆ ಆ ದಾರಿ ಇಬ್ಬರದೇ. ಮೂರನೆಯವರಿಗೆ ಅಲ್ಲಿ ಪ್ರವೇಶವಿಲ್ಲ. ತಾವು ಮಾತನಾಡಿದರೂ ಅದು ತಮ್ಮದು, ಸುಮ್ಮನೆ ಉಸಿರೆಳೆದರೂ ತಮ್ಮದು. ಈ ಪದ್ಧತಿಯ ಹಿರಿಮೆ ಇದರಲ್ಲಿದೆ. ದುಂದುಗಾರಿಕೆಯೂ ಇದರಲ್ಲಿಯೇ ಇದೆ. ಒಬ್ಬನು ಮಾತನಾಡುವಾಗ ಇನ್ನೊಬ್ಬನು ಕೇಳುತ್ತಿರುತ್ತಾನಾದುದರಿಂದ ದಾರಿಯ ಅರ್ಧ ಭಾಗ ಯಾವಾಗಲೂ ಬರಿದಾಗಿಯೇ ಇರುತ್ತದೆ.

ಸಣ್ಣ ಊರುಗಳ ಕೇಂದ್ರಗಳಲ್ಲಿ ಈ ಜೋಡಣೆಯನ್ನು ಕೈಯಿಂದ ಮಾಡುತ್ತಿದ್ದ ಕಾಲವನ್ನು ನಮ್ಮಲ್ಲಿ ಅನೇಕರು ಬಲ್ಲರು. ರಿಸೀವರು ಎತ್ತಿದರೆ ಆಪರೇಟರರ ದನಿ ಕೇಳುತ್ತಿತ್ತು. ಪರಊರಿಗೆ ಮಾತನಾಡಬೇಕಾದರೆ ಟ್ರಂಕ್ ಕಾಲು ಬುಕ್ ಮಾಡಿ ಕಾಯಬೇಕಾಗಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ದರಕ್ಕೆ ತಕ್ಕ ಅವಸರಗಳಿದ್ದವು. ಸವಣೂರಿನ ವೀಳ್ಯದೆಲೆಯ ವ್ಯಾಪಾರಿಯೊಬ್ಬನು ಪುಣೆಯ ದಲಾಲನೊಡನೆ ಮೂರು ನಿಮಿಷ ಮಾತನಾಡಬೇಕಾಯಿತೆಂದು ಇಟ್ಟುಕೊಳ್ಳಿ. ಆ ಮೂರು ನಿಮಿಷಕ್ಕಾಗಿ ಊರಿಂದ ಊರಿಗೆ, ಕೇಂದ್ರದಿಂದ ಕೇಂದ್ರಕ್ಕೆ, ಒಂದೊಂದು ತುಂಡು ದಾರಿಯನ್ನು ಬಿಡಿಸಿ ಕೊಡಬೇಕಾಗಿತ್ತು. ನಡುವೆ ಒಂದು ತುಂಡು ಸಿಗದಿದ್ದರೂ ಮಾತಿಲ್ಲ. ಎಲ್ಲ ತುಂಡುಗಳೂ ಸಿಕ್ಕವೆಂದರೆ ಮಾತಿಗೆ ತಡೆಯಿಲ್ಲ. ಇಷ್ಟು ಜನ ಗ್ರಾಹಕರಿಗೆ ಎಷ್ಟು ದಾರಿಗಳಿದ್ದರೆ ಸಾಕೆಂಬುದನ್ನು ಲೆಕ್ಕ ಹಾಕುವ ಗಣಿತವನ್ನು ಡೆನ್ಮಾರ್ಕಿನ ಎರ್ಲಾಂಗ್ ಎಂಬವರು ೧೯೦೯ರಲ್ಲಿ ತೊಡಗಿಸಿದರು. ಇಂದಿಗೂ ದೂರವಾಣಿಯ ಸಂಚಾರವನ್ನು ಅಳೆಯುವ ಮಾನಕ್ಕೆ ಅವರದೇ ಹೆಸರು.

ರೇಡಿಯೋ ಕೇಳುವ ನಮಗೂ ಈ ಮಂಡಲದ ಋಣವಿದೆ. ೧೯೫೦ರ ಜನವರಿ ೮ರಂದು ಧಾರವಾಡದ ಆಕಾಶವಾಣಿ ನಿಲಯ ಆರಂಭವಾಯಿತು. ಒಂದು ನಿಲಯದ ಕಾರ್ಯಕ್ರಮವನ್ನು ಮತ್ತೊಂದು ನಿಲಯ ಮರುಪ್ರಸಾರ ಮಾಡಬೇಕಾದಾಗ ಅಂಚೆ ತಂತಿ ಇಲಾಖೆಯಿಂದ ಕಾದಿರಿಸಿದ ತಂತಿಯನ್ನು ಪಡೆಯುವ ರೂಢಿಯಿತ್ತು. ಗಾಯಕರ ಸ್ವರ ಆ ತಂತಿಯಲ್ಲಿ ತಡವರಿಸದೆ ಬಂದುದಕ್ಕೆ ಕಾರಣ, ಆ ಹೊತ್ತಿನಲ್ಲಿ ಆ ದಾರಿ ಬೇರೆ ಯಾರಿಗೂ ಸಲ್ಲದಿದ್ದುದೇ.

ಒಂದು ಜೊತೆ ತಂತಿಯಲ್ಲಿ ಒಂದೇ ಮಾತುಕತೆ ಎಂಬ ನಿಯಮ ಬಹುಕಾಲ ನಡೆಯುವಂತಿರಲಿಲ್ಲ. ತಾಮ್ರ ತುಟ್ಟಿಯಾದ ಲೋಹ, ಕಂಬಗಳೂ ತುಟ್ಟಿ. ಒಂದೇ ದಾರಿಯಲ್ಲಿ ಅನೇಕ ಮಾತುಗಳನ್ನು ಕೂಡಿಸಿ ಕಳುಹುವ ಉಪಾಯಗಳು ಬೇಕಾದವು. ಅವುಗಳಲ್ಲಿ ದೀರ್ಘಕಾಲ ಉಳಿದುದು ಆಂಗ್ಲ ಇಂಜಿನಿಯರ್ ಅಲೆಕ್ ರೀವ್ಸರು ೧೯೩೭ರಲ್ಲಿ ಪ್ಯಾರಿಸಿನಲ್ಲಿ ಕಂಡುಹಿಡಿದ ಉಪಾಯ. ದನಿಯ ಅಲೆಯನ್ನು ಹಾಗೆಯೇ ಕಳುಹಬೇಕಾಗಿಲ್ಲ. ಅದನ್ನು ಕ್ಷಣಕ್ಷಣಕ್ಕೂ ಅಳೆದು, ಆ ಅಳತೆಗಳನ್ನು ಮಾತ್ರ ಅಂಕಿಗಳಾಗಿ ಕಳುಹಿದರೆ ಸಾಕು ಎಂದರು ರೀವ್ಸರು. ಆ ತತ್ತ್ವವು ಆಚರಣೆಗೆ ಬಂದಾಗ ಸೆಕೆಂಡಿಗೆ ೮,೦೦೦ ಬಾರಿ ಅಳೆಯುವುದು, ಒಂದೊಂದು ಅಳತೆಯನ್ನೂ ೮ ಬಿಟ್‌ಗಳಲ್ಲಿ ಬರೆಯುವುದು ಎಂದು ನಿಶ್ಚಯವಾಯಿತು. ಬಿಟ್ ಎಂದರೆ ಸೊನ್ನೆ ಅಥವಾ ಒಂದು, ಇವೆರಡರಲ್ಲಿ ಯಾವುದಾದರೊಂದು. ಎಂಟು ಸಾವಿರವನ್ನು ಎಂಟರಿಂದ ಗುಣಿಸಿದರೆ ೬೪,೦೦೦. ಒಬ್ಬ ಮನುಷ್ಯನ ಮಾತಿಗೆ ಸೆಕೆಂಡಿಗೆ ೬೪,೦೦೦ ಬಿಟ್‌ಗಳು ಬೇಕೆಂಬ ಲೆಕ್ಕ ಹೀಗೆ ಹುಟ್ಟಿತು.

ಇನ್ನು ಅನೇಕರ ಮಾತನ್ನು ಒಂದೇ ದಾರಿಯಲ್ಲಿ ಒಯ್ಯುವುದು ಹೇಗೆ? ಇದನ್ನು ನಮ್ಮ ತಾಲೂಕುಗಳ ರೈತನಿಗೆ ಹೇಳಿಕೊಡಬೇಕಾಗಿಯೇ ಇಲ್ಲ. ಶಾಸನಗಳಲ್ಲಿ ಪಾನುಂಗಲ್ಲೆಂದು ಕಾಣುವ ಹಾನಗಲ್ಲಿನ ಸುತ್ತಣ ನಾಡು ಕೆರೆಗಳ ನಾಡು. ಹಿರೇಕೆರೂರೆಂಬ ಹೆಸರಿನಲ್ಲಿಯೇ ಹಿರಿಯ ಕೆರೆ ಕುಳಿತಿದೆ. ಹಳೆಯ ಹಿರೇಕೆರೂರು ತಾಲೂಕಿನ ಮಾಸೂರಿನ ಬಳಿ ಕುಮುದ್ವತಿ ನದಿಗೆ ಕಟ್ಟಿದ ಮದಗದ ಕೆರೆ ಎಲ್ಲರಿಗೂ ತಿಳಿದುದೇ. ಕೆರೆಯ ಕೆಳಗಿನ ಗದ್ದೆಗಳಿಗೆ ಒಂದೇ ಕಾಲುವೆಯಿಂದ ನೀರು ಹಂಚಬೇಕಾದರೆ ಸರದಿ ಏರ್ಪಡಿಸುತ್ತಾರೆ. ಇಷ್ಟು ಹೊತ್ತು ಇವನಿಗೆ, ಅಷ್ಟು ಹೊತ್ತು ಅವನಿಗೆ; ಸುತ್ತು ಮುಗಿದ ಮೇಲೆ ಮತ್ತೆ ಮೊದಲಿನವನಿಗೆ. ದೂರವಾಣಿಯಲ್ಲಿಯೂ ಇದೇ ಸರದಿ. ಒಂದು ಸುತ್ತಿನಲ್ಲಿ ೩೨ ಪಾಳಿಗಳು. ಅವುಗಳಲ್ಲಿ ೩೦ ಪಾಳಿ ಮೂವತ್ತು ಜನರ ಮಾತಿಗೆ. ಒಂದು ಪಾಳಿ ಸುತ್ತು ಎಲ್ಲಿ ಆರಂಭವಾಯಿತೆಂದು ಗುರುತು ಹೇಳಲಿಕ್ಕೆ; ಇನ್ನೊಂದು ಯಾರು ಯಾರನ್ನು ಕರೆದರೆಂಬ ಸಂಕೇತಗಳಿಗೆ. ಇಡೀ ಸುತ್ತು ಮುಗಿಯುವುದು ಸೆಕೆಂಡಿನ ಎಂಟು ಸಾವಿರದಲ್ಲಿ ಒಂದು ಪಾಲಿನಲ್ಲಿ. ಒಟ್ಟು ಸೆಕೆಂಡಿಗೆ ೨೦,೪೮,೦೦೦ ಬಿಟ್‌ಗಳು. ಇದಕ್ಕೆ ಇ-ಒನ್ ಎಂದು ಹೆಸರು. ಯುರೋಪಿನಲ್ಲಿಯೂ ಭಾರತದಲ್ಲಿಯೂ ಈ ಇ-ಒನ್ ಎಂಬುದೇ ದೂರವಾಣಿ ಕೇಂದ್ರಗಳ ನಡುವಣ ನಾಣ್ಯವಾಯಿತು. ಅಮೆರಿಕೆಯವರು ೧೯೬೨ರಲ್ಲಿ ಬಳಕೆಗೆ ತಂದ ಅಳತೆಯಲ್ಲಿ ಪಾಳಿಗಳು ೨೪.

ನಮ್ಮ ದೇಶದಲ್ಲಿ ೧೯೬೦ರ ನವೆಂಬರದಲ್ಲಿ ಲಖನೌ ಮತ್ತು ಕಾನಪುರಗಳ ನಡುವೆ ಮೊದಲ ಬಾರಿಗೆ ಆಪರೇಟರರ ನೆರವಿಲ್ಲದೆ ಪರಊರಿಗೆ ನಂಬರು ತಿರುಗಿಸುವ ಎಸ್.ಟಿ.ಡಿ. ಬಂದಿತು. ಆದರೆ ಹಳ್ಳಿ ಪಟ್ಟಣಗಳಿಗೆ ಅದು ತಲಪಲು ಬಹಳ ಕಾಲ ಹಿಡಿಯಿತು. ವಿದೇಶದಿಂದ ತರಿಸಿದ ದೊಡ್ಡ ಯಂತ್ರಗಳಿಗೆ ತಂಪುಗೊಳಿಸಿದ ಕೋಣೆ ಬೇಕು. ನಮ್ಮ ಸಣ್ಣ ಊರುಗಳ ಧೂಳು, ಸೆಕೆ, ವಿದ್ಯುತ್ತಿನ ಏರಿಳಿತಗಳಿಗೆ ಅವು ತಾಳುತ್ತಿರಲಿಲ್ಲ. ೧೯೮೪ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಎಂಬ ಸರಕಾರಿ ಸಂಶೋಧನ ಸಂಸ್ಥೆ ಈ ಕೊರತೆಗೆಂದೇ ಹುಟ್ಟಿದುದು. ಅದರ ಹಿಂದೆ ಸ್ಯಾಮ್ ಪಿತ್ರೋಡರ ಉತ್ಸಾಹವಿತ್ತು. ೧೨೮ ಜೋಡಣೆಗಳ ಪುಟ್ಟ ಗ್ರಾಮೀಣ ಸ್ವಯಂಚಾಲಿತ ಕೇಂದ್ರವೊಂದನ್ನು ಆ ಸಂಸ್ಥೆಯ ತರುಣ ಇಂಜಿನಿಯರರು ರಚಿಸಿದರು. ತಂಪು ಕೋಣೆಯ ಹಂಗಿಲ್ಲದೆ ನಡೆಯುವ ಯಂತ್ರ ಅದು. ಅದನ್ನು ಮೊಟ್ಟಮೊದಲು ಸ್ಥಾಪಿಸಿದ ಊರು ಯಾವುದು ಬಲ್ಲಿರಾ? ನಮ್ಮ ನೆರೆಯ ಕಿತ್ತೂರು! ೧೯೮೬ರಲ್ಲಿ, ಚೆನ್ನಮ್ಮ ರಾಣಿಯ ಊರಿನಲ್ಲಿ. ಶಿಗ್ಗಾಂವಿಯ ಮೇಲೆ ಹಾದುಹೋಗುವ ಪುಣೆ ಬೆಂಗಳೂರು ಹೆದ್ದಾರಿಯೇ ಕಿತ್ತೂರಿನ ಮಗ್ಗುಲಿನಲ್ಲಿಯೂ ಹಾದುಹೋಗುತ್ತದೆ. ಭಾರತದ ಹಳ್ಳಿಗಳ ದೂರವಾಣಿಯ ಚರಿತ್ರೆ ಬರೆಯುವವರು ಈ ಸೀಮೆಯನ್ನು ಬಿಟ್ಟು ಬರೆಯುವಂತಿಲ್ಲ.

ಮುಂದಿನದು ತಮಗೆಲ್ಲ ನೆನಪಿರುವ ಕಥೆ. ಬಸ್ ನಿಲ್ದಾಣದ ಎದುರಿಗೆ, ಸಂತೆಯ ಮೂಲೆಗೆ, ಎಸ್.ಟಿ.ಡಿ., ಐ.ಎಸ್.ಡಿ., ಪಿ.ಸಿ.ಓ. ಎಂದು ಬರೆದ ಹಳದಿ ಹಲಗೆಗಳು ತಲೆಯೆತ್ತಿದವು. ಊರು ಊರಿಗೂ ಒಂದು ಸಂಖ್ಯೆ ಬಂದಿತು. ಹಾನಗಲ್ಲಿಗೆ ೦೮೩೭೯, ಹಿರೇಕೆರೂರಿಗೆ ೦೮೩೭೬, ಸವಣೂರು ಶಿಗ್ಗಾಂವಿಗಳಿಗೆ ಕೂಡಿ ೦೮೩೭೮. ನವಾಬರ ಊರು ಸವಣೂರಿಗೂ, ಶಿಶುನಾಳದ ಶರೀಫರ ಸೀಮೆಯಾದ ಶಿಗ್ಗಾಂವಿಗೂ ಒಂದೇ ಸಂಖ್ಯೆ ಒದಗಿದುದು ಚೆಲುವಾದ ಯೋಗವೇ ಸರಿ. ಆ ಸಂಖ್ಯೆಯನ್ನು ಒತ್ತಿದೊಡನೆ ಕೇಂದ್ರದಿಂದ ಕೇಂದ್ರಕ್ಕೆ ಇ-ಒನ್ ಸರದಿಯಲ್ಲಿ ಒಂದು ಪಾಳಿ ತಮಗಾಗಿ ಮೀಸಲಾಗುತ್ತಿತ್ತು. ತಂತಿ ಬದಲಾಯಿತು, ಯಂತ್ರ ಬದಲಾಯಿತು. ‘ಮುಗಿಯುವವರೆಗೆ ಈ ದಾರಿ ನಿಮ್ಮದು’ ಎಂಬ ಭಾಷೆ ಮಾತ್ರ ಬದಲಾಗಲಿಲ್ಲ.

ಈಗ ಇನ್ನೊಂದು ವಂಶದ ಕಥೆಗೆ ಬರೋಣ. ಅದು ಗಣಕಯಂತ್ರಗಳ ವಂಶ. ಗಣಕಗಳ ಮಾತುಕತೆ ಮನುಷ್ಯರ ಮಾತುಕತೆಯಂತಲ್ಲ. ಅವು ಒಮ್ಮೆಲೆ ಬಹಳ ಮಾತನಾಡುತ್ತವೆ, ಅನಂತರ ಬಹುಹೊತ್ತು ಸುಮ್ಮನಿರುತ್ತವೆ. ಅವಕ್ಕಾಗಿ ದಾರಿಯನ್ನು ಕಾದಿರಿಸಿ ಇಡುವುದು ವ್ಯರ್ಥ. ೧೯೬೦ರ ದಶಕದಲ್ಲಿ ಅಮೆರಿಕೆಯ ಪಾಲ್ ಬ್ಯಾರನ್ ಮತ್ತು ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ಇಬ್ಬರೂ ಬೇರೆ ಬೇರೆಯಾಗಿಯೇ ಯೋಚಿಸಿ ಒಂದೇ ಉಪಾಯಕ್ಕೆ ಬಂದರು. ಸಂದೇಶವನ್ನು ತುಂಡರಿಸಿ ಪೊಟ್ಟಣಗಳಾಗಿ ಕಟ್ಟುವುದು. ಪ್ರತಿಯೊಂದರ ಮೇಲೂ ವಿಳಾಸ ಬರೆಯುವುದು. ದಾರಿ ತೆರವಿದ್ದ ಕಡೆಗೆ ಬಿಟ್ಟುಬಿಡುವುದು. ತಾಳೆಗರಿಯ ಕಟ್ಟನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಗ್ರಂಥವೊಂದರ ಗರಿಗಳ ದಾರ ಬಿಚ್ಚಿ, ಒಂದೊಂದು ಗರಿಯನ್ನೂ ಒಬ್ಬೊಬ್ಬ ದಾರಿಹೋಕನ ಕೈಯಲ್ಲಿ ಕೊಟ್ಟು ಕಳುಹಿದಂತೆ. ಗರಿಯ ಅಂಚಿನಲ್ಲಿ ಸಂಖ್ಯೆ ಬರೆದಿದ್ದರೆ, ಹೇಗೆ ಬಂದರೂ ಮುಟ್ಟಿದ ಊರಿನಲ್ಲಿ ಪೋಣಿಸಿಕೊಳ್ಳಬಹುದು. ೧೯೬೯ರ ಅಕ್ಟೋಬರ ೨೯ರಂದು ಈ ಬಗೆಯ ಜಾಲದ ಮೊದಲ ಸಂದೇಶ ಕ್ಯಾಲಿಫೋರ್ನಿಯಾದಲ್ಲಿ ಹೊರಟಿತು. ‘ಲಾಗಿನ್’ ಎಂಬ ಪದದ ಮೊದಲೆರಡು ಅಕ್ಷರಗಳು ಮುಟ್ಟುವಷ್ಟರಲ್ಲಿ ಯಂತ್ರ ಕುಸಿದುಬಿತ್ತು. ಶುಭಾರಂಭವೇನೂ ಅಲ್ಲ, ಆದರೂ ಇಂದಿನ ಅಂತರಜಾಲದ ಆದಿ ಅದೇ. ಆ ಜಾಲದ ವಿಳಾಸಪದ್ಧತಿಗೆ ಐ.ಪಿ. ಎಂದು ಹೆಸರು, ೧೯೮೩ರ ಜನವರಿ ೧ರಿಂದ ಅದು ಆ ಜಾಲದ ಕಟ್ಟಳೆಯಾಯಿತು.

ಈಥರ್‌ನೆಟ್ ಎಂಬುದು ಅದರ ನೆರೆಯ ಮನೆಯ ಕೂಸು. ಒಂದೇ ಕಟ್ಟಡದೊಳಗಿನ ಗಣಕಗಳನ್ನು ಕೂಡಿಸುವುದಕ್ಕಾಗಿ ೧೯೭೩ರಲ್ಲಿ ರಾಬರ್ಟ್ ಮೆಟ್‌ಕಾಫರು ಇದನ್ನು ಯೋಜಿಸಿದರು. ಬೆಳಕು ಹರಿಯಲು ಆಧಾರವಾದ ಈಥರ್ ಎಂಬ ಸೂಕ್ಷ್ಮ ದ್ರವ್ಯವು ಎಲ್ಲೆಡೆಯೂ ತುಂಬಿದೆಯೆಂದು ಹಿಂದಿನ ಭೌತವಿಜ್ಞಾನಿಗಳು ನಂಬಿದ್ದರು. ಆ ನಂಬಿಕೆ ಬಿದ್ದುಹೋಯಿತು. ಹೆಸರು ಮಾತ್ರ ಈ ಜಾಲಕ್ಕೆ ಉಳಿಯಿತು. ನಮ್ಮ ನ್ಯಾಯ ವೈಶೇಷಿಕರು ಶಬ್ದವನ್ನು ಆಕಾಶದ ಗುಣವೆಂದು ಕರೆದರು. ಆಕಾಶವಾಣಿ ಎಂಬ ಹೆಸರನ್ನು ದಿನವೂ ಕೇಳುವ ನಮಗೆ ಈಥರ್‌ನೆಟ್ ಎಂಬ ಹೆಸರು ಪರಕೀಯವೆನಿಸಬೇಕಾಗಿಲ್ಲ.

ಈ ಎರಡು ವಂಶಗಳ ಧರ್ಮ ಬೇರೆ ಬೇರೆ. ಮಂಡಲದ ಧರ್ಮ ಭಾಷೆ ಕೊಡುವುದು: ‘ನಿನ್ನ ಪಾಳಿ ನಿನಗೆ ತಪ್ಪದು.’ ಪೊಟ್ಟಣದ ಜಾಲದ ಧರ್ಮ ಯತ್ನ ಮಾಡುವುದು: ‘ನನ್ನಿಂದಾದಷ್ಟು ಮಾಡುವೆನು, ತಡವಾದರೆ ತಾಳಿಕೊ, ಕಳೆದುಹೋದರೆ ಮತ್ತೆ ಕೇಳು.’ ಕಾಗದ ಪತ್ರಗಳಿಗೆ ಎರಡನೆಯದು ಸಾಕು, ಬಹು ಅಗ್ಗ. ಆದರೆ ಜೀವಂತ ಮಾತಿಗೆ ಅದು ಸಾಲದು. ನಡುವಣ ಒಂದು ಶಬ್ದ ಎರಡು ಸೆಕೆಂಡು ತಡೆದು ಬಂದರೆ ಅದು ಬಂದೂ ಬಾರದಂತೆಯೇ.

ಹಾಗಾದರೆ ಹಳೆಯದನ್ನು ಕಿತ್ತೊಗೆದು ಎಲ್ಲವನ್ನೂ ಹೊಸದಾಗಿಯೇ ಕಟ್ಟಬಹುದಾಗಿತ್ತಲ್ಲ ಎಂದು ತಾವು ಕೇಳಬಹುದು. ಮಾತನ್ನು ಮಾತ್ರವೇ ಪೊಟ್ಟಣ ಮಾಡಿ ಕಳುಹುವ ಪ್ರಯೋಗಗಳು ೧೯೭೦ರ ದಶಕದಲ್ಲಿಯೇ ನಡೆದವು. ಇಂದು ನಮ್ಮ ಕೈಫೋನುಗಳಲ್ಲಿ ಅಂತರಜಾಲದ ಮೂಲಕ ಆಡುವ ಮಾತು ಆ ಜಾತಿಯದೇ. ಆದರೆ ಮಂಡಲವನ್ನು ನಂಬಿ ನಿಂತಿದ್ದುದು ಮಾತೊಂದೇ ಅಲ್ಲ. ಟೂ-ಜಿ ಕಾಲದ ಮೊಬೈಲ್ ಗೋಪುರಗಳು ತಮ್ಮ ಕೇಂದ್ರಕ್ಕೆ ಇ-ಒನ್ ದಾರಿಯಿಂದಲೇ ಕೂಡಿಕೊಂಡಿದ್ದವು. ರೈಲ್ವೆಯ ನಿಯಂತ್ರಣದ ದೂರವಾಣಿಗಳು, ಉಚ್ಚ ವಿದ್ಯುತ್ ಮಾರ್ಗಗಳಲ್ಲಿ ದೋಷ ಕಂಡೊಡನೆ ಸ್ವಿಚ್ಚು ತೆಗೆಯುವ ರಕ್ಷಣಾ ಸಂಕೇತಗಳು, ವಿಮಾನಗಳಿಗೆ ದಾರಿ ಹೇಳುವ ದನಿಗಳು, ದೊಡ್ಡ ಕಚೇರಿಗಳ ಒಳ ವಿನಿಮಯ ಕೇಂದ್ರಗಳು, ಇವೆಲ್ಲ ಆ ಸರದಿಯ ಲೆಕ್ಕದಲ್ಲಿಯೇ ರಚಿತವಾದವು. ಇವು ಚೆನ್ನಾಗಿ ನಡೆಯುತ್ತಿರುವಾಗ ಕಿತ್ತುಹಾಕುವುದು ದುಂದು. ಕಿತ್ತುಹಾಕುವ ದಿನ ಒಂದು ತಪ್ಪಾದರೆ ಅಪಾಯ. ಇತ್ತ ಊರಿಂದ ಊರಿಗೆ ಎಳೆದ ಹೊಸ ಗಾಜಿನ ತಂತುಗಳ ಮೇಲಾದರೋ ಈಥರ್‌ನೆಟ್ಟೇ ಹರಿಯತೊಡಗಿತ್ತು. ಎರಡೆರಡು ಜಾಲಗಳನ್ನು ಸಾಕುವ ಶಕ್ತಿ ಯಾರಿಗಿದೆ? ಆದುದರಿಂದ ಹಳೆಯ ಮಂಡಲವನ್ನು ಹಾಗೆಯೇ ಹೊಸ ದಾರಿಯ ಹೆಗಲ ಮೇಲೆ ಹೊರಿಸುವ ವಿದ್ಯೆ ಬೇಕಾಯಿತು. ೧೯೯೦ರ ದಶಕದ ಕೊನೆಯ ಹೊತ್ತಿಗೆ ಇದು ರೂಪುಗೊಂಡಿತು.

ಈ ವಿದ್ಯೆಯ ಕ್ರಮವನ್ನು ಸ್ವಲ್ಪದರಲ್ಲಿ ಹೇಳುತ್ತೇನೆ. ಇ-ಒನ್ ದಾರಿಯ ತುದಿಯಲ್ಲಿ ಒಂದು ಪೆಟ್ಟಿಗೆಯನ್ನು ಇಡುತ್ತಾರೆ. ಅದು ಬರುವ ಬಿಟ್‌ಗಳನ್ನು ಒಟ್ಟುಗೂಡಿಸಿ, ೨೫೬ ಬೈಟುಗಳಾದೊಡನೆ ಒಂದು ಪೊಟ್ಟಣ ಕಟ್ಟುತ್ತದೆ. ಒಂದು ಬೈಟೆಂದರೆ ಎಂಟು ಬಿಟ್. ಲೆಕ್ಕ ಮಾಡಿ ನೋಡಿದರೆ ಇದು ಸರಿಯಾಗಿ ಸೆಕೆಂಡಿನ ಸಾವಿರದಲ್ಲೊಂದು ಪಾಲಿನ ಸಾಮಗ್ರಿ. ಎಂದರೆ ಸೆಕೆಂಡಿಗೆ ಸಾವಿರ ಪೊಟ್ಟಣಗಳು. ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಮತ್ತು ವಿಳಾಸ ಬರೆದು ಜಾಲಕ್ಕೆ ಬಿಡುತ್ತಾರೆ. ಈ ಮೇಲ್ಬರಹಕ್ಕೇ ಸುಮಾರು ಐವತ್ತು ಬೈಟುಗಳು ಬೇಕು. ಇದು ಹೊಸ ದಾರಿಯ ಸುಂಕ. ಆಚೆಯ ತುದಿಯ ಪೆಟ್ಟಿಗೆ ಬಂದ ಪೊಟ್ಟಣಗಳನ್ನು ಕೂಡಲೆ ಬಿಚ್ಚುವುದಿಲ್ಲ. ಸ್ವಲ್ಪ ಹೊತ್ತು ಕೂಡಿಟ್ಟುಕೊಂಡು, ಹಿಂದು ಮುಂದಾದುದನ್ನು ಸರಿಪಡಿಸಿ, ಮೊದಲಿನ ಸರದಿಯಲ್ಲಿಯೇ ಬಿಟ್‌ಗಳನ್ನು ಹೊರಬಿಡುತ್ತದೆ. ಒಂದು ಪೊಟ್ಟಣ ಕಳೆದುಹೋದರೆ ಅದರ ಜಾಗದಲ್ಲಿ ಅಷ್ಟೇ ಉದ್ದದ ಹುಸಿ ಸಾಮಗ್ರಿಯನ್ನು ತುಂಬುತ್ತದೆ. ಪ್ರತಿಯ ಮಧ್ಯದಲ್ಲಿ ಗರಿ ಲುಪ್ತವಾದರೆ ಸಂಪಾದಕರು ಅಷ್ಟು ಜಾಗವನ್ನು ಬಿಟ್ಟು ಮುಂದುವರಿಯುವುದಿಲ್ಲವೆ, ಹಾಗೆ.

ಕೂಡಿಡುವ ಹೊತ್ತು ಹೆಚ್ಚಾದಷ್ಟೂ ಕಳೆದುಹೋಗುವ ಭಯ ಕಡಿಮೆ. ಆದರೆ ಮಾತು ಅಷ್ಟು ತಡವಾಗಿ ಮುಟ್ಟುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಾತು ತಲಪಲು ಸೆಕೆಂಡಿನ ಸಾವಿರದಲ್ಲಿ ೧೫೦ ಪಾಲಿಗಿಂತ ಹೆಚ್ಚು ತಡವಾಗದಿದ್ದರೆ ಸಂಭಾಷಣೆ ಸಾಧಾರಣವಾಗಿ ನೆಟ್ಟಗೆ ನಡೆಯುತ್ತದೆಯೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಸಂಘದವರು ಹೇಳುತ್ತಾರೆ. ಅದನ್ನು ಮೀರಿದರೆ ಇಬ್ಬರೂ ಒಮ್ಮೆಲೆ ಮಾತಿಗೆ ತೊಡಗುವುದು, ಇಬ್ಬರೂ ಒಮ್ಮೆಲೆ ನಿಲ್ಲಿಸುವುದು, ಹೀಗೆ ಮಾತು ಎಡವುತ್ತದೆ. ವಿದ್ಯುತ್ ಮಾರ್ಗಗಳ ರಕ್ಷಣಾ ಸಂಕೇತಗಳಿಗಂತೂ ಅಷ್ಟು ಕೂಡ ತಾಳ್ಮೆಯಿಲ್ಲ. ಕೆಲವೇ ಸಾವಿರದ ಪಾಲುಗಳಲ್ಲಿ ಅವು ಮುಟ್ಟಬೇಕು.

ಎಲ್ಲಕ್ಕಿಂತ ಕಷ್ಟವಾದುದು ಗಡಿಯಾರದ ಪ್ರಶ್ನೆ. ಹಳೆಯ ಮಂಡಲದಲ್ಲಿ ಬಿಟ್‌ಗಳ ಜೊತೆಗೆ ಅವುಗಳ ಲಯವೂ ಹರಿದುಬರುತ್ತಿತ್ತು. ಮೃದಂಗದ ಪೆಟ್ಟನ್ನು ಕೇಳುತ್ತ ಹಾಡುವ ಗಾಯಕನಂತೆ ಆಚೆಯ ಯಂತ್ರ ಆ ಲಯವನ್ನೇ ಹಿಡಿಯುತ್ತಿತ್ತು. ಪೊಟ್ಟಣದ ಜಾಲದಲ್ಲಿ ಲಯ ಒಡೆದುಹೋಗುತ್ತದೆ. ಎರಡು ತುದಿಗಳ ಗಡಿಯಾರಗಳಲ್ಲಿ ಹತ್ತು ಲಕ್ಷಕ್ಕೆ ಒಂದರಷ್ಟು ವ್ಯತ್ಯಾಸವಿದ್ದರೂ ಸೆಕೆಂಡಿಗೆ ಎರಡು ಬಿಟ್‌ಗಳ ಏರುಪೇರಾಗಿ, ಸುಮಾರು ಎರಡು ನಿಮಿಷಕ್ಕೊಮ್ಮೆ ಇಡೀ ಒಂದು ಸುತ್ತು ಜಾರಿಹೋಗುತ್ತದೆ. ಮಾತಿನಲ್ಲಿ ಅದು ಒಂದು ಕಿಟಿಕಿ ಸದ್ದು ಮಾತ್ರ. ಆದರೆ ಫ್ಯಾಕ್ಸಿನ ಹಾಳೆಯಾದರೆ ಕೆಡುತ್ತದೆ. ಮೊಬೈಲ್ ಗೋಪುರವಾದರೆ ತನ್ನ ರೇಡಿಯೋ ಅಲೆಗಳ ಅಳತೆಯಲ್ಲಿಯೇ ತಪ್ಪುತ್ತದೆ.

ಇದಕ್ಕೆ ಕಂಡುಕೊಂಡ ಪರಿಹಾರಗಳಲ್ಲಿ ಒಂದು ನಮ್ಮ ಕೆರೆಯ ತೂಬಿನವನು ಬಲ್ಲ ಉಪಾಯವೇ. ಆಚೆಯ ಪೆಟ್ಟಿಗೆ ತಾನು ಕೂಡಿಟ್ಟ ಪೊಟ್ಟಣಗಳ ಮಟ್ಟವನ್ನು ನೋಡುತ್ತಿರುತ್ತದೆ. ಮಟ್ಟ ಏರುತ್ತ ಹೋದರೆ ತಾನು ನಿಧಾನವಾಗಿ ಹೊರಬಿಡುತ್ತಿರುವೆನೆಂದು ತಿಳಿದು ತುಸು ಬೇಗ ಬಿಡುತ್ತದೆ; ಇಳಿಯುತ್ತ ಹೋದರೆ ತುಸು ತಡೆಯುತ್ತದೆ. ಹೀಗೆ ಒಳಹರಿವಿನಿಂದಲೇ ಮೂಲದ ಲಯವನ್ನು ಊಹಿಸಿಕೊಳ್ಳುತ್ತದೆ. ಇದಕ್ಕಿಂತ ನಿಖರತೆ ಬೇಕಾದರೆ ಸಮಯವನ್ನೇ ಪೊಟ್ಟಣಗಳಲ್ಲಿ ಬರೆದು ಕಳುಹುವ ಕ್ರಮವಿದೆ; ಅದರ ನಿಯಮಗಳು ೨೦೦೨ರಲ್ಲಿ ಬಂದು ೨೦೦೮ರಲ್ಲಿ ಪರಿಷ್ಕಾರಗೊಂಡವು. ಈಥರ್‌ನೆಟ್ಟಿನ ತಂತುವಿನಲ್ಲಿಯೇ ಲಯವನ್ನು ಹರಿಸುವ ಇನ್ನೊಂದು ಕ್ರಮವೂ ಅದೇ ವರ್ಷಗಳಲ್ಲಿ ಬಂದಿತು.

ಹೀಗೆ ಹೊರುವ ರೀತಿಗಳಲ್ಲಿಯೂ ಭೇದಗಳುಂಟು. ಅಂತರಜಾಲದ ಕಟ್ಟಳೆಗಳನ್ನು ರೂಪಿಸುವ ಐ.ಇ.ಟಿ.ಎಫ್. ಎಂಬ ಇಂಜಿನಿಯರರ ಮಂಡಳಿ ೨೦೦೬ರಲ್ಲಿ ಒಂದು ಕ್ರಮವನ್ನೂ ೨೦೦೭ರಲ್ಲಿ ಇನ್ನೆರಡನ್ನೂ ಪ್ರಕಟಿಸಿತು. ಮೊದಲನೆಯದು ಮಕ್ಕಿಕಾಮಕ್ಕಿ ಪ್ರತಿ ಮಾಡುವವನ ಕ್ರಮ: ಒಳಗೆ ಏನಿದೆಯೆಂದು ನೋಡುವುದೇ ಇಲ್ಲ; ಬಂದ ಬಿಟ್‌ಗಳನ್ನು ಬಂದಂತೆಯೇ ಒಯ್ಯುತ್ತದೆ. ಉಳಿದವು ಓದುಬಲ್ಲ ಲಿಪಿಕಾರನ ಕ್ರಮಗಳು: ಸರದಿಯ ರಚನೆಯನ್ನು ಅರಿತು ಹೊರುತ್ತವೆ; ಮೂವತ್ತರಲ್ಲಿ ಹತ್ತೇ ಪಾಳಿಗಳು ಬಳಕೆಯಲ್ಲಿದ್ದರೆ ಆ ಹತ್ತನ್ನೇ ಒಯ್ಯಬಲ್ಲವು. ಮೊದಲನೆಯದು ಸರಳ, ಎರಡನೆಯ ಬಗೆ ಮಿತವ್ಯಯಿ. ಆಯಾ ಊರಿನ ಅನುಕೂಲ ನೋಡಿ ಇಂಜಿನಿಯರರು ಆರಿಸಿಕೊಳ್ಳುತ್ತಾರೆ.

ಇಷ್ಟೆಲ್ಲ ಕಸರತ್ತಿನ ಹಿಂದೆ ಇರುವ ನೀತಿ ಒಂದೇ. ಹಿಂದಿನವರು ಕೊಟ್ಟ ಭಾಷೆಯನ್ನು, ಆ ಭಾಷೆಯ ಅರಿವೇ ಇಲ್ಲದ ಹೊಸ ದಾರಿಯ ಮೇಲೆ ಉಳಿಸಿಕೊಂಡು ಬರುವುದು. ಮಾತನಾಡುವವರಿಗೆ ದಾರಿ ಬದಲಾದುದು ತಿಳಿಯಲೇಬಾರದು. ತಿಳಿಯದಿದ್ದರೆ ಆ ಇಂಜಿನಿಯರರು ಗೆದ್ದರು.

ಆದರೆ ಪೆಟ್ಟಿಗೆಗಳು ಉಳಿಸಿಕೊಡಲಾರದ ಭಾಷೆಯೊಂದಿದೆ; ಮುಖ್ಯವಾಗಿ ಅದನ್ನು ತಮ್ಮ ಗಮನಕ್ಕೆ ತರಬೇಕಾಗಿದೆ. ಹಳೆಯ ತಾಮ್ರದ ತಂತಿ ಮಾತನ್ನಷ್ಟೇ ತರುತ್ತಿರಲಿಲ್ಲ, ವಿದ್ಯುತ್ತನ್ನೂ ತರುತ್ತಿತ್ತು. ವಿನಿಮಯ ಕೇಂದ್ರದಲ್ಲಿ ಸಾಲಾಗಿ ಇಟ್ಟ ಬ್ಯಾಟರಿಗಳಿಂದ ೪೮ ವೋಲ್ಟಿನ ಶಕ್ತಿ ಆ ತಂತಿಯಲ್ಲಿಯೇ ಮನೆಯ ಉಪಕರಣಕ್ಕೆ ಬರುತ್ತಿತ್ತು. ಮುಂಗಾರಿನ ಬಿರುಗಾಳಿಗೆ ಊರಿನ ದೀಪಗಳೆಲ್ಲ ಆರಿದ ರಾತ್ರಿಯಲ್ಲಿಯೂ ರಿಸೀವರು ಎತ್ತಿದರೆ ಗುಂಯ್ ಎಂಬ ಸದ್ದು ಕೇಳುತ್ತಿದ್ದುದು ಇದರಿಂದ. ಹೆರಿಗೆಯ ನೋವು, ಹಾವಿನ ಕಡಿತ, ಬೆಂಕಿ, ಇವು ಕರೆಂಟು ಇರುವ ಹೊತ್ತನ್ನು ನೋಡಿ ಬರುವುದಿಲ್ಲ. ಈಗ ಮನೆಗೆ ಬರುವ ಗಾಜಿನ ತಂತು ಬೆಳಕನ್ನು ಮಾತ್ರ ತರಬಲ್ಲುದು, ವಿದ್ಯುತ್ತನ್ನು ತರಲಾರದು. ಮನೆಯ ಗೋಡೆಯ ಮೇಲಿನ ಪುಟ್ಟ ಪೆಟ್ಟಿಗೆ ಮನೆಯ ಕರೆಂಟಿನಿಂದಲೇ ಬದುಕಬೇಕು. ಕರೆಂಟು ಹೋದರೆ ಪೆಟ್ಟಿಗೆ ಮಲಗುತ್ತದೆ. ಅದರೊಡನೆ ಮಾತೂ ಮಲಗುತ್ತದೆ. ಮೊಬೈಲು ಇದೆಯಲ್ಲ ಎಂದರೆ, ಗೋಪುರದ ಬ್ಯಾಟರಿಗೂ ಒಂದು ಮಿತಿಯಿದೆ.

ಹೊಸ ದಾರಿ ಬೇಡವೆಂದು ಇದರ ಅರ್ಥವಲ್ಲ. ಗ್ರಾಮ ಪಂಚಾಯತಿಗಳಿಗೆ ಗಾಜಿನ ತಂತು ಮುಟ್ಟಿಸುವ ಯೋಜನೆಗೆ ೨೦೧೧ರಲ್ಲಿ ಕೇಂದ್ರ ಸರಕಾರ ಒಪ್ಪಿಗೆ ಕೊಟ್ಟಿತು. ಭಾರತನೆಟ್ ಎಂಬ ಹೆಸರು ಅದಕ್ಕೆ ಅನಂತರ ಬಂದಿತು. ಒಂದು ಜೊತೆ ತಾಮ್ರದ ತಂತಿ ಒಬ್ಬರ ಮಾತನ್ನು ಹೊರುತ್ತಿದ್ದ ಕಡೆ, ಕೂದಲೆಳೆಯಷ್ಟು ಗಾಜು ಇಡೀ ತಾಲೂಕಿನ ಮಾತನ್ನೂ ಪಾಠವನ್ನೂ ಲೆಕ್ಕಪತ್ರವನ್ನೂ ಹೊರಬಲ್ಲುದು. ಅದನ್ನು ಬೇಡವೆನ್ನುವುದು ಅವಿವೇಕ. ಆದರೆ ಹಳೆಯದು ಏನೇನು ಮಾಡುತ್ತಿತ್ತೆಂಬುದರ ಪಟ್ಟಿ ಮಾಡಿಕೊಳ್ಳದೆ ಹೊಸದಕ್ಕೆ ಹೋಗುವುದೂ ವಿವೇಕವಲ್ಲ.

ಆದುದರಿಂದ ತಮ್ಮಲ್ಲಿ ಮೂರು ಮಾತುಗಳ ಅರಿಕೆ. ಮನೆಗೆ ಗಾಜಿನ ತಂತಿನ ದೂರವಾಣಿಯನ್ನು ಹಾಕಿಸಿಕೊಳ್ಳುವವರು ಆ ಪೆಟ್ಟಿಗೆಗೆ ಒಂದು ಸಣ್ಣ ಬ್ಯಾಟರಿಯನ್ನು ಒದಗಿಸಿರಿ; ಅದು ದೊಡ್ಡ ವೆಚ್ಚವಲ್ಲ. ದವಾಖಾನೆ, ಸಹಕಾರಿ ಸಂಘ, ಶಾಲೆ ನಡೆಸುವವರು ಹಳೆಯ ಸಂಪರ್ಕವನ್ನು ಬದಲಿಸುವ ಮೊದಲು ‘ಕರೆಂಟು ಹೋದರೆ ಇದು ಎಷ್ಟು ಹೊತ್ತು ನಡೆಯುತ್ತದೆ?’ ಎಂದು ಕೇಳಿರಿ. ಹಳೆಯ ಯಂತ್ರವೊಂದು, ಅದು ಫ್ಯಾಕ್ಸಾಗಲಿ ಅಪಾಯದ ಗಂಟೆಯಾಗಲಿ, ದೂರವಾಣಿಯ ತಂತಿಗೆ ಜೋಡಿಸಿದ್ದರೆ, ಹೊಸ ದಾರಿಯಲ್ಲಿ ಅದು ನಡೆಯುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ ನೋಡಿರಿ.

೨೦೧೩ರ ಜುಲೈಯಲ್ಲಿ ನಮ್ಮ ದೇಶದ ತಂತಿ ಸಂದೇಶ ನಿಂತುಹೋಯಿತು. ಅದನ್ನು ಹೊಸ ದಾರಿಯ ಮೇಲೆ ಹೊರಿಸಿಕೊಂಡು ಬರಬೇಕೆಂದು ಯಾರಿಗೂ ಅನಿಸಲಿಲ್ಲ; ಅದರ ಕೆಲಸವನ್ನು ಬೇರೆ ಸಾಧನಗಳು ಆಗಲೇ ಮಾಡುತ್ತಿದ್ದವು. ದೂರವಾಣಿಯ ಮಂಡಲಕ್ಕೆ ಹಾಗಾಗಲಿಲ್ಲ. ಅದರ ತಂತಿಗಳು ಕಡಿಮೆಯಾದರೂ ಅದರ ನಡೆ ಉಳಿಯಿತು. ಇಂದು ೦೮೩೭೯ ಎಂದು ಒತ್ತಿದವನ ಕರೆ ಯಾವ ದಾರಿಯಿಂದ, ಎಷ್ಟು ಪೊಟ್ಟಣಗಳಾಗಿ ಹಾನಗಲ್ಲನ್ನು ಸೇರುತ್ತದೆಯೋ ಒತ್ತಿದವನಿಗೆ ತಿಳಿಯದು. ಅವನಿಗೆ ಬೇಕಾದುದು ಆಚೆಯಿಂದ ‘ಹಲೋ’ ಎಂಬ ಮರುಮಾತು, ಬೇಕಾದ ಹೊತ್ತಿನಲ್ಲಿ, ತಡವಿಲ್ಲದೆ. ಅದ್ದು ಹೊಸ ದಾರಿಯಲ್ಲಿಯೂ ತಪ್ಪದಂತೆ ನೋಡಿಕೊಳ್ಳುವುದರಲ್ಲಿ ಇಂಜಿನಿಯರರ ಪಾಲು ಅರ್ಧ; ಕೇಳಿ ತಿಳಿದು ಬಳಸುವ ನಮ್ಮ ಪಾಲು ಇನ್ನರ್ಧ.